ಗಿಡ್ಡ ಕಂಬಗಳ ಮನೆ

ನಾನು ನಿಂತಿದ್ದದ್ದು ಸಂಸೆಯಿಂದ ಕಳಸಕ್ಕೆ ಹೋಗುವ ರಸ್ತೆಯ ಅಂಚಿನಲ್ಲಿ, ಅಕ್ಕನ ಮನೆಗಿಂತ ಸ್ವಲ್ಪ ಮೇಲೆ, ತಿರುವಿನಲ್ಲಿರುವ ಸಿಲ್ವರ್ ಓಕ್ ಮರದ ಪಕ್ಕ. ಅರೇಬಿಕಾ ಕುಯ್ಲು ಮುಗಿದು ರೋಬಸ್ಟಾ ಶುರುವಾಗಿದ್ದ ವಾರ. ಬೆಳಗಿನ ತಿಂಡಿ ಆಗಿತ್ತು. ಕಣದ ಮೇಲೆ ಮುಚ್ಚಿದ್ದ ಟಾರ್ಪಾಲು ತೆಗೆದು ಕಾಫಿ ಹರವುವ ಹೊತ್ತು. ನಾನು ಬೈಕಿಗೆ ಸ್ಟ್ಯಾಂಡ್ ಹಾಕಿ ಹೆಲ್ಮೆಟ್ ತೆಗೆಯುತ್ತಿದ್ದೆ. ಇಷ್ಟನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ಆ ದಿನದ ಬಗ್ಗೆ ನಮ್ಮ ಕಡೆ ಈಗ ಹಲವರು ಹಲವು ರೀತಿ ಹೇಳುತ್ತಾರೆ. ಹೇಳುವವರಲ್ಲಿ ಹೆಚ್ಚಿನವರು ಅಲ್ಲಿ ಇರಲಿಲ್ಲ. ನಾನು ಇದ್ದೆ. ಕಂಡದ್ದನ್ನು ಮಾತ್ರ ಬರೆಯುತ್ತೇನೆ, ಕಾಣದ್ದನ್ನು ಕಾಣಲಿಲ್ಲ ಎಂದೇ ಬರೆಯುತ್ತೇನೆ.

ರಸ್ತೆ ಅಲ್ಲಿ ತಿರುಗುವುದರಿಂದ ಅಕ್ಕನ ಮನೆ ನನಗೆ ಪಕ್ಕದಿಂದ ಕಾಣುತ್ತಿತ್ತು. ನಮ್ಮ ಗುಡ್ಡಗಳಲ್ಲಿ ಈಗ ಇಂಥ ಮನೆಗಳೇ ಹೆಚ್ಚು. ಜಾಗ ರಸ್ತೆಯಿಂದ ಕೆಳಕ್ಕೆ ಇಳಿಜಾರು. ಬಾಗಿಲು ರಸ್ತೆಯ ಮಟ್ಟಕ್ಕೆ ಬರಬೇಕು, ಆದ್ದರಿಂದ ಮನೆಯನ್ನು ಕಂಬಗಳ ಮೇಲೆ ನಿಲ್ಲಿಸುತ್ತಾರೆ. ರಸ್ತೆಯ ಕಡೆಯ ಕಂಬಗಳು ಸೊಂಟದೆತ್ತರ. ಕಣದ ಕಡೆಯವು ಒಬ್ಬನ ಹೆಗಲ ಮೇಲೆ ಇನ್ನೊಬ್ಬ ನಿಂತಷ್ಟು ಎತ್ತರ. ಎರಡಕ್ಕೂ ಮೇಲೆ ಒಂದೇ ಸ್ಲ್ಯಾಬು. ಅದರ ಮೇಲೆ ವಾಸದ ಮನೆ, ವಾಸದ ಮನೆಯ ಮೇಲೆ ಶೀಟು ಹೊದಿಸಿದ ಇನ್ನೊಂದು ಅಂತಸ್ತು. ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಪಾರ್ಚ್‌ಮೆಂಟ್ ಕಾಫಿಯ ಮೂಟೆಗಳನ್ನೆಲ್ಲ ಭಾವ ಆ ಮೇಲಂತಸ್ತಿನಲ್ಲಿ ಪೇರಿಸಿಡುತ್ತಿದ್ದರು. ಕೆಳಗಿಟ್ಟರೆ ತೇವ ಹೀರುತ್ತದೆ, ಶೀಟಿನಡಿಯ ಬಿಸಿಗೆ ಗರಿಗರಿಯಾಗಿ ಉಳಿಯುತ್ತದೆ. ಅದು ಅವರೊಬ್ಬರ ರೂಢಿಯಲ್ಲ. ನಾನು ಲೆಕ್ಕ ಬರೆಯುವ ರೈಟರ್ ಆಗಿರುವ ಎಸ್ಟೇಟಿನಲ್ಲೂ ಒಳ್ಳೆಯ ಮಾಲು ಯಾವಾಗಲೂ ಮಹಡಿಯ ಮೇಲೇ.

ಕಂಬಗಳ ನಡುವಿನ ಖಾಲಿ ಜಾಗದಲ್ಲಿ ಜೀಪು ನಿಲ್ಲುತ್ತಿತ್ತು. ಕುಯ್ಲಿನ ತಿಂಗಳುಗಳಲ್ಲಿ ಅದರ ಅರ್ಧಭಾಗಕ್ಕೆ ಟಾರ್ಪಾಲು ಮರೆ ಕಟ್ಟಿ, ವಿಜಯಪುರದ ಕಡೆಯಿಂದ ಹಣ್ಣು ಕೊಯ್ಯಲು ಬರುವ ಗಂಡ ಹೆಂಡತಿಗೆ ಬಿಟ್ಟುಕೊಡುತ್ತಿದ್ದರು. ಅವರ ಒಲೆ ಅಲ್ಲೇ, ಹಾಸಿಗೆ ಅಲ್ಲೇ.

ಮೊದಲು ಬಂದದ್ದು ಸದ್ದು. ಮರದ ದಿಮ್ಮಿ ತುಂಬಿದ ಲಾರಿ ತಿರುವು ಹತ್ತುತ್ತಿದೆ ಎಂದುಕೊಂಡು ನಾನು ರಸ್ತೆಯಿಂದ ಪಕ್ಕಕ್ಕೆ ಸರಿದೆ. ಲಾರಿ ಬರಲಿಲ್ಲ. ಬೈಕು ಸ್ಟ್ಯಾಂಡಿನ ಮೇಲೇ ತಕತಕ ಕುಣಿದು ಮಗುಚಿಬಿತ್ತು. ಗಾಳಿ ಇರಲಿಲ್ಲ, ಆದರೂ ಸಿಲ್ವರ್ ಮರದ ಎಲೆಗಳು ಉದುರಿದವು. ನನ್ನ ಅಂಗಾಲಿಗೆ ರಸ್ತೆ ಗಟ್ಟಿಯಾಗಿರಲಿಲ್ಲ, ಅಷ್ಟೇ ಹೇಳಬಲ್ಲೆ.

ಆಗ ಕಣದ ಮೇಲೆ ನಾಲ್ವರಿದ್ದರು: ಅಕ್ಕ, ಭಾವ, ಆ ದಂಪತಿ. ನಾಲ್ವರೂ ಬಯಲಿನಲ್ಲಿ, ಮನೆಯಿಂದ ಸಾಕಷ್ಟು ದೂರದಲ್ಲಿ, ಮೇಲೆ ಆಕಾಶ ಬಿಟ್ಟರೆ ಏನೂ ಇಲ್ಲದ ಕಡೆ ನಿಂತಿದ್ದರು. ಕುಂಟೆ ಹಿಡಿದು ಕಾಫಿ ಎಳೆಯುತ್ತಿದ್ದ ಭಾವ ಅದನ್ನು ಎಸೆದು ಕೂಗಿದರು:

"ಮದ್ದು ಹೊಡ್ದ್ರು! ಒಳಗೆ ಬನ್ನಿ! ಎಲ್ಲ ಸೂರಿನಡಿಗೆ ಬನ್ನಿ!"

ಅಕ್ಕನ ರಟ್ಟೆ ಹಿಡಿದು ಎಳೆದರು. ವಿಜಯಪುರದ ಆ ಹೆಂಗಸು ಹೊರಗೇ ನಿಂತಿದ್ದಳು. ಅವಳ ಬೆನ್ನಿಗೆ ಕೈ ಹಾಕಿ ತಳ್ಳಿದರು. ಅವಳ ಗಂಡ ಹಿಂದೆಯೇ ಓಡಿದ. ನನ್ನ ಕಣ್ಣೆದುರಿಗೆ ನಾಲ್ವರೂ ಬಯಲು ಬಿಟ್ಟು ಮನೆಯಡಿಗೆ ಹೊಕ್ಕರು, ಕಂಬಗಳ ನಡುವೆ, ಮೂಟೆಗಳ ಕೆಳಗೆ. ಮನೆ ಅಲ್ಲಾಡುತ್ತಿತ್ತು. ಶೀಟುಗಳು ತಟತಟ ಬಡಿದುಕೊಳ್ಳುತ್ತಿದ್ದವು.

ಆಮೇಲೆ ನಿಂತಿತು. ಕೋಳಿಗಳು ಕೂಗಿದವು.

ಭಾವ ಹಾಗೇಕೆ ಮಾಡಿದರು ಎನ್ನುವುದು ಹೊರಗಿನವರಿಗೆ ಅರ್ಥವಾಗುವುದಿಲ್ಲ. ನಮ್ಮ ಕಡೆಯ ಹಳಬರಿಗೆ ಕೂಡಲೇ ಅರ್ಥವಾಗುತ್ತದೆ. ಅವರು ಪ್ರಾಯದಲ್ಲಿ ಕುದುರೆಮುಖದ ಗಣಿಯಲ್ಲಿ ಕೆಲಸಕ್ಕಿದ್ದವರು. ಬಂಡೆಗೆ ಸಿಡಿಮದ್ದು ಇಡುವ ದಿನ ಸೈರನ್ ಕೂಗುತ್ತಿತ್ತು. ಕೂಗಿದ ಮೇಲೆ ಬಯಲಿನಲ್ಲಿ ಒಬ್ಬನೂ ನಿಲ್ಲಬಾರದು, ಎಲ್ಲರೂ ಗಟ್ಟಿ ಸೂರಿನಡಿ ಸೇರಬೇಕು. ಮೊದಲು ನೆಲ ನಡುಗುತ್ತದೆ, ಆಮೇಲೆ ಕಲ್ಲು ಹಾರಿ ಬರುತ್ತದೆ. ಹೊರಗೆ ನಿಂತವನ ತಲೆಗೆ ಕಲ್ಲು. ಅವರ ಕಾಲುಗಳು ಆ ಪಾಠವನ್ನು ಕಲಿತಿದ್ದವು, ಮರೆತಿರಲಿಲ್ಲ. ನೆಲ ನಡುಗಿದರೆ ಒಳಗೆ ಓಡು.

ನಾನು ಕಣಕ್ಕೆ ಇಳಿದು ಹೋದಾಗ ಅವರು ನಗುತ್ತಿದ್ದರು.

"ಎಂತ ರೈಟ್ರೇ, ಮುಖ ಬಿಳಿ ಮಾಡ್ಕೊಂಡು ಬಂದಿದ್ದೀಯಲ್ಲ! ಬೈಕ್ ಬೀಳಿಸ್ಕೊಂಡಿಯಾ?"

"ಭಾವ, ಅದು ಭೂಕಂಪ."

"ಎಂತ ಭೂಕಂಪ ಮಾರಾಯ. ನಮ್ಮ ಜಿಲ್ಲೆಗೆ ಭೂಕಂಪ ಎಲ್ಲಿಂದ ಬರ್ತದೆ? ಎಲ್ಲೋ ಮದ್ದು ಜಾಸ್ತಿ ತುಂಬಿದ್ದಾರೆ."

ಆ ಹೆಂಗಸು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಮೆಲ್ಲಗೆ ಹೇಳಿದಳು: "ಭೂಮಿನ ನಡುಗಿದ್ದ್ರೀ ಯಜಮಾನ್ರ. ನಮ್ಮ ಕಡಿ ಹಿಂಗಾದ್ರ ಹೊರಗ ಓಡ್ತೀವ್ರೀ."

"ಹಾಗಾದ್ರೆ ಒಳಗೆ ಎಂತಕ್ಕೆ ಬಂದದ್ದು ನೀನು?"

"ನೀವ ದಬ್ಬಿದ್ರೆಲ್ರೀ."

ಅಕ್ಕ ನಕ್ಕಳು. ಭಾವನೂ ನಕ್ಕರು. ನನಗೆ ನಗು ಬರಲಿಲ್ಲ, ಏಕೆಂದರೆ ಅಷ್ಟರಲ್ಲಿ ನನ್ನ ಕಣ್ಣು ರಸ್ತೆಯ ಕಡೆಯ ಕಂಬಗಳ ಮೇಲೆ ಬಿದ್ದಿತ್ತು.

ಕಣದ ಕಡೆಯ ಉದ್ದ ಕಂಬಗಳಿಗೆ ಏನೂ ಆಗಿರಲಿಲ್ಲ. ಒಂದರ ಬುಡದಲ್ಲಿ ಕೂದಲೆಳೆಯ ಬಿರುಕಿತ್ತು, ಅಷ್ಟೇ. ಸೊಂಟದೆತ್ತರದ ಗಿಡ್ಡ ಕಂಬಗಳು ಬೇರೆಯೇ ಆಗಿದ್ದವು. ಬಗ್ಗಿ ಒಳಗೆ ಹೋಗಿ ನೋಡಿದೆ. ನಡುವಿನದರ ಮೇಲೆ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಓರೆಯಾಗಿ ಬಿರುಕು; ಅದನ್ನು ಅಡ್ಡ ಹಾಯುವ ಇನ್ನೊಂದು ಓರೆ ಬಿರುಕು. ತಪ್ಪು ಲೆಕ್ಕಕ್ಕೆ ಮೇಷ್ಟ್ರು ಹಾಕುವ ಗುರುತಿನ ಹಾಗೆ. ಬೆರಳಿಟ್ಟರೆ ಸಿಮೆಂಟು ಪುಡಿಪುಡಿಯಾಗಿ ಉದುರಿತು. ಪಕ್ಕದ ಕಂಬದಲ್ಲೂ ಅದೇ ಗುರುತು.

ಮನೆಯ ಹತ್ತಿರ ಮೊಬೈಲಿಗೆ ಸಿಗ್ನಲ್ ಇಲ್ಲ. ಫೋಟೋ ತೆಗೆದುಕೊಂಡು ಮತ್ತೆ ತಿರುವಿಗೆ ಹತ್ತಿ ಅಕ್ಕನ ಮಗಳಿಗೆ ಕಳಿಸಿದೆ. ಅವಳು ಮಂಗಳೂರಿನಲ್ಲಿ ಕಟ್ಟಡಗಳ ಡಿಸೈನ್ ಮಾಡುವ ಕಚೇರಿಯಲ್ಲಿದ್ದಾಳೆ. ಆ ಮನೆ ಕಟ್ಟಿಸುವಾಗ ಅವಳಿನ್ನೂ ಶಾಲೆಯ ಹುಡುಗಿ. ಕೂಡಲೇ ಫೋನ್ ಮಾಡಿದಳು. ಹಲೋ ಎನ್ನಲಿಲ್ಲ.

"ಮಾಮ, ಮನೆ ಅಡಿಯಲ್ಲಿ ಯಾರಾದ್ರೂ ಇದ್ದಾರಾ?"

"ಎಲ್ಲ ಇದ್ದಾರೆ."

"ಹೊರಗೆ ಕರಿ. ಈಗ್ಲೇ. ಮನೆ ಎಷ್ಟು ಎತ್ತರ ಇದೆಯೋ ಅದಕ್ಕಿಂತ ದೂರ ನಿಲ್ಲಿಸು. ಮೇಲೆ ಮೂಟೆ ಇದೆಯಾ?"

"ತುಂಬ ಇದೆ. ಇಳಿಸ್ಲಿಕ್ಕೆ ಹೇಳ್ಲಾ?"

"ಬೇಡ! ಯಾರೂ ಮೇಲೆ ಹತ್ತಬೇಡಿ. ಒಂದು ಸಲ ಅಲ್ಲಾಡಿದ್ದು ಇನ್ನೊಂದು ಸಲ ಅಲ್ಲಾಡಬಹುದು."

ನಾನು ತಿರುವಿನ ಮೇಲಿಂದಲೇ ಕೆಳಗೆ ಕೂಗಿ ಹೇಳಿದೆ. ಭಾವ ತಲೆ ಎತ್ತಿ ನೋಡಿದರು, ಕೈ ಬೀಸಿದರು. ವಿಜಯಪುರದ ಗಂಡಸನ್ನು ಕರೆದು ಎರಡು ಸಿಲ್ವರ್ ಮರದ ದಿಮ್ಮಿ ತರಿಸಿ ಮನೆಗೆ ಊರೆ, ಅಂದರೆ ಆಸರೆ, ಕೊಡತೊಡಗಿದರು. ಊರೆ ಕೊಟ್ಟದ್ದು ಕಣದ ಕಡೆಯ ಉದ್ದ ಕಂಬಗಳಿಗೆ. ನಾನು ಮತ್ತೆ ಇಳಿದೆ.

"ಭಾವ, ಒಡೆದದ್ದು ಆ ಕಡೆಯವು, ಗಿಡ್ಡ ಕಂಬಗಳು."

"ಅದು ಪ್ಲಾಸ್ಟರ್ ಮಾರಾಯ. ಗಿಡ್ಡ ಗೂಟ ಎಲ್ಲಾದ್ರೂ ಅಲ್ಲಾಡ್ತದಾ? ಅಲ್ಲಾಡುದು ಉದ್ದದ್ದು. ಗಿಡ್ಡ ಇದ್ದವ್ರೇ ಗಟ್ಟಿ. ಬೇಕಾದ್ರೆ ನಿನ್ನ ಅಕ್ಕನ್ನೇ ನೋಡು."

ಅಕ್ಕ ಗಿಡ್ಡ. ಅವಳು ನಗಲಿಲ್ಲ. "ಮಗಳು ಎಂತ ಹೇಳಿದ್ಳು?" ಎಂದು ನನ್ನನ್ನು ಕೇಳಿದಳು.

ಮಗಳು ಹೇಳಿದ್ದನ್ನು ನಾನು ಆಗ ಒಡಕು ಒಡಕಾಗಿ ಹೇಳಿದೆ. ಇಲ್ಲಿ, ಆಮೇಲೆ ಅವಳೇ ಕೂರಿಸಿ ಹೇಳಿದ್ದನ್ನೂ ಸೇರಿಸಿ ಬರೆಯುತ್ತೇನೆ. ಭೂಕಂಪದಲ್ಲಿ ಹೊರಗಿನಿಂದ ಯಾರೂ ಮನೆಯನ್ನು ತಳ್ಳುವುದಿಲ್ಲ. ಕಳಸದ ಬಸ್ಸಿನಲ್ಲಿ ನಿಂತುಕೊಂಡು ಹೋಗುವವನನ್ನು ಯಾರು ತಳ್ಳುತ್ತಾರೆ? ತಿರುವಿನಲ್ಲಿ ಬಸ್ಸು ಕಾಲಡಿಯಿಂದ ಪಕ್ಕಕ್ಕೆ ಸರಿಯುತ್ತದೆ, ಮೈ ಇದ್ದಲ್ಲೇ ಉಳಿಯಲು ನೋಡುತ್ತದೆ, ಮಂಡಿಯ ಮೇಲೆ ಭಾರ ಬೀಳುತ್ತದೆ. ಮೈ ಎಷ್ಟು ತೂಕವೋ ಮಂಡಿಗೆ ಅಷ್ಟು ಪೆಟ್ಟು. ತಲೆಯ ಮೇಲೆ ಅಕ್ಕಿಮೂಟೆ ಹೊತ್ತು ನಿಂತವನಂತೂ ಮೊದಲು ಬೀಳುತ್ತಾನೆ. ಮನೆಗೂ ಅಷ್ಟೇ. ಅದನ್ನು ಬೀಳಿಸುವ ಬಲ ಹುಟ್ಟುವುದು ಅದರದೇ ತೂಕದಿಂದ. ಆ ತೂಕ ಮೇಲಕ್ಕೆ ಹೋದಷ್ಟೂ ಕೆಟ್ಟದ್ದು. ನಾವು ವರ್ಷದ ಬೆಳೆಯನ್ನೆಲ್ಲ ಮನೆಯ ತಲೆಯ ಮೇಲೆ ಹೊರಿಸಿದ್ದೆವು.

ಇನ್ನು ಕಂಬ. ಎಲ್ಲ ಕಂಬಗಳೂ ಒಂದೇ ಸ್ಲ್ಯಾಬಿಗೆ ಕಟ್ಟಿಕೊಂಡಿವೆ. ಸ್ಲ್ಯಾಬು ಒಂದು ಬೆರಳಗಲ ಸರಿದರೆ ಉದ್ದದ್ದು, ಗಿಡ್ಡದ್ದು ಎನ್ನದೆ ಎಲ್ಲವೂ ಒಂದು ಬೆರಳಗಲ ಬಾಗಬೇಕು. ಅವಳು ತೋಟದಲ್ಲಿ ಬೆಳೆದ ಹುಡುಗಿ, ಅಲ್ಲಿಂದಲೇ ಉದಾಹರಣೆ ಕೊಟ್ಟಳು: "ರೋಬಸ್ಟಾ ಗಿಡದ ಉದ್ದ ರೆಂಬೆ ಎಳೆದ್ರೆ ಬಾಗಿ ಕೈಗೆ ಬರ್ತದೆ ಅಲ್ವಾ ಮಾಮ. ಮೇಲೆ ಕಡಿದು ಬಿಟ್ಟ ಗಿಡ್ಡ ಕೊರಡು ಎಳೆದು ನೋಡು. ಬಾಗುದಿಲ್ಲ, ಹಠ ಮಾಡ್ತದೆ. ಹಠ ಮಾಡಿದವರ ಮೇಲೇ ಎಲ್ಲ ಭಾರ ಬೀಳುದು." ದಪ್ಪ ಒಂದೇ ಆಗಿದ್ದರೆ, ಅರ್ಧ ಉದ್ದದ ಕಂಬ ಅಷ್ಟೇ ಬಾಗಲು ಎಂಟು ಪಟ್ಟು ಬಲವನ್ನು ಮೈಮೇಲೆ ಎಳೆದುಕೊಳ್ಳುತ್ತದೆಯಂತೆ. ಎಂಟು ಪಟ್ಟು. ಆ ಮಾತು ಕೇಳಿದಾಗ ಆ ಬಿರುಕಿನ ಗುರುತು ನನ್ನ ಕಣ್ಣ ಮುಂದೆ ಬಂತು.

ಅಂದು ಇದಿಷ್ಟನ್ನೂ ಸರಿಯಾಗಿ ಹೇಳಲು ನನ್ನಿಂದಾಗಲಿಲ್ಲ. ಹೇಳಿದ್ದರೂ ಭಾವ ಕೇಳುತ್ತಿರಲಿಲ್ಲ.

"ಅವಳಪ್ಪ ಕಟ್ಟಿಸಿದ ಮನೆ ಇದು. ಅವಳು ಹುಟ್ಟುವ ಮೊದ್ಲೇ ನಾನು ಕಾಂಕ್ರೀಟ್ ನೋಡಿದ್ದೇನೆ," ಎಂದು ಹೇಳಿ ಜೀಪಿನ ಪಕ್ಕದ ಬೆಂಚಿನ ಮೇಲೆ, ಸ್ಲ್ಯಾಬಿನ ಕೆಳಗೆ, ಕಾಲು ಮಡಚಿ ಕೂತರು. "ಬೀಳುದಾದ್ರೆ ನನ್ನ ಮೇಲೇ ಬೀಳ್ಲಿ. ನೀವೆಲ್ಲ ಬಿಸಿಲಲ್ಲಿ ಒಣಗಿ." ಮತ್ತೆ ಆ ಹೆಂಗಸಿನ ಕಡೆ ತಿರುಗಿ, "ಹೋಗು, ಅಡುಗೆ ಹಚ್ಚು. ಮಧ್ಯಾಹ್ನ ಉಪವಾಸ ಕೂರ್ತೀಯಾ?" ಎಂದರು.

ಅವಳು ಒಲೆಯ ಕಡೆ ಎರಡು ಹೆಜ್ಜೆ ಇಟ್ಟಳು. ಯಜಮಾನರು ಹೇಳಿದ್ದಾರೆ, ಹೋಗಲೇಬೇಕು. ಅವಳ ಗಂಡ ಅವಳನ್ನು ನೋಡಿದ, ನನ್ನನ್ನು ನೋಡಿದ. ನನಗೆ ಈಗಲೂ ಮೊದಲು ನೆನಪಾಗುವುದು ಮನೆ ಬಿದ್ದದ್ದಲ್ಲ, ಆ ಎರಡು ಹೆಜ್ಜೆ.

ಅಕ್ಕ ಅವಳನ್ನು ದಾಟಿ ಒಳಗೆ ಹೋದಳು. "ನೀನು ಅಲ್ಲೇ ನಿಲ್ಲು," ಎಂದು ಅವಳಿಗೆ ಹೇಳಿ ತಾನು ಹೋಗಿ ಭಾವನ ಪಕ್ಕ ಬೆಂಚಿನ ಮೇಲೆ ಕೂತಳು. ನಾನು "ಅಕ್ಕಾ" ಎಂದೆ. ಅವಳು ತಿರುಗಿ ನೋಡಲಿಲ್ಲ, ಭಾವನನ್ನು ಕೇಳಿದಳು:

"ಮದ್ದು ಹೊಡೆದದ್ದು ಅಂದ್ರಲ್ಲ, ಯಾರ್ರೀ ಹೊಡೆದದ್ದು?"

"ಯಾರೋ. ಮೈನ್ಸಿನವ್ರು..."

"ಮೈನ್ಸಿನವ್ರು ಯಾರಿದ್ದಾರೆ ಈಗ ಅಲ್ಲಿ?"

ಭಾವ ಮಡಚಿದ್ದ ಕಾಲನ್ನು ಕೆಳಗೆ ಬಿಟ್ಟರು.

"ಗಣಿ ಮುಚ್ಚಿದ್ದು ನಿಮ್ಗೆ ನೆನಪಿಲ್ವಾ? ನೀವೇ ಅಲ್ವಾ ಕ್ವಾರ್ಟರ್ಸಿನ ಕೀ ಕೊಟ್ಟು ಬಂದದ್ದು? ಬಂದು ಆ ದಿನ ಊಟ ಮಾಡ್ಲಿಲ್ಲ ನೀವು. ಆ ಊರಲ್ಲಿ ಈಗ ಕಿಟಕಿಗೆ ಗಾಜಿಲ್ಲ. ಮದ್ದಿಗೆ ಬೆಂಕಿ ಕೊಟ್ಟವ ಯಾರು, ಹೇಳಿ?"

ಭಾವನ ಮುಖ ನನಗೆ ಕಾಣುತ್ತಿತ್ತು. ಬೆಳಗಿನಿಂದ ಅವರು ಮಾತಾಡುತ್ತಿದ್ದದ್ದು ಎಂದೋ ನಿಂತುಹೋದ ಗಣಿಯ ಒಳಗಿನಿಂದ. ಅಲ್ಲಿಂದ ಅವರು ಹೊರಗೆ ಬಂದದ್ದು ಆ ಕ್ಷಣದಲ್ಲಿ. ಕುಂಟೆಯ ಕಡೆ, ಟಾರ್ಪಾಲಿನ ಮರೆಯ ಕಡೆ, ಆ ಹೆಂಗಸಿನ ಕಡೆ ನೋಡಿದರು. ತಾನು ಅವಳ ಬೆನ್ನಿಗೆ ಕೈ ಹಾಕಿ ಎಲ್ಲಿಗೆ ತಳ್ಳಿದ್ದೆ ಎಂಬುದು ಆಗ ಗೊತ್ತಾಗಿರಬೇಕು. ಬಾಯಿಂದ ಬಂದದ್ದು ಒಂದೇ ಮಾತು.

"ಹೌದಲ್ಲ."

ಎದ್ದರು. ಅಕ್ಕನ ಕೈ ಹಿಡಿದು ಎಬ್ಬಿಸಿದರು. ಇಬ್ಬರೂ ಹೊರಗೆ ಬಂದರು. ಆಮೇಲೆ ಭಾವ ಯಾರಿಗೂ ಒಳಗೆ ಕಾಲಿಡಲು ಬಿಡಲಿಲ್ಲ. ಜೀಪಿನ ಕೀ ಒಳಗಿದೆ ಎಂದು ನಾನು ಅಂದದ್ದಕ್ಕೆ, "ಜೀಪು ಸಾಯ್ಲಿ ಮಾರಾಯ," ಎಂದರು. ಆ ದಂಪತಿ ಹಾಸಿಗೆ ತರಲು ಹೋಗುತ್ತೇವೆ ಎಂದಾಗ ತನ್ನ ಹೆಗಲ ಮೇಲಿನ ಟವೆಲನ್ನು ತೆಗೆದುಕೊಟ್ಟು, "ಇದರ ಮೇಲೆ ಕೂತ್ಕೊಳ್ಳಿ," ಎಂದರು. ಐವರೂ ಕಣದ ತುದಿಯಲ್ಲಿ, ಹಣ್ಣಿನ ರಾಶಿಯ ಆಚೆ ಕೂತೆವು. ಪಕ್ಕದ ತೋಟದವರು ಅನ್ನ, ಸಾರು ಕಳಿಸಿದರು. ಭಾವ ಆಗಾಗ ಮನೆಯ ಕಡೆ ನೋಡಿ ಬಾಯೊಳಗೇ ಏನೋ ಹೇಳಿಕೊಳ್ಳುತ್ತಿದ್ದರು.

ಎರಡನೆಯದು ಬಂದದ್ದು ಬಿಸಿಲು ಇಳಿಯುವ ಮೊದಲು. ಬೆಳಗಿನಷ್ಟು ಜೋರಿರಲಿಲ್ಲ, ಊಟದ ತಟ್ಟೆಗಳು ಒಂದಕ್ಕೊಂದು ತಾಗಿ ಗಿಲಿಗಿಲಿ ಎಂದವು, ಅಷ್ಟೇ. ಸುತ್ತಲಿನ ಬೇರೆ ಮನೆಗಳಲ್ಲಿ ಕೆಲವರಿಗೆ ಅದು ಗೊತ್ತೇ ಆಗಲಿಲ್ಲವಂತೆ.

ನಾನು ನಡುವಿನ ಗಿಡ್ಡ ಕಂಬವನ್ನೇ ನೋಡುತ್ತಿದ್ದೆ, ಆದ್ದರಿಂದ ಇದನ್ನು ಖಚಿತವಾಗಿ ಹೇಳುತ್ತೇನೆ. ಬಿರುಕಿನ ನಡುವಿನ ಕಾಂಕ್ರೀಟು ಕಲ್ಲುಸಕ್ಕರೆಯ ಹಾಗೆ ಹೊರಗೆ ಸುರಿಯಿತು. ಒಳಗಿನ ಕಬ್ಬಿಣದ ಸರಳುಗಳು ಹೊಟ್ಟೆ ಉಬ್ಬಿಸಿಕೊಂಡು ಹೊರಕ್ಕೆ ಬಾಗಿದವು. ಸ್ಲ್ಯಾಬು ಆ ಕಡೆ ಕುಸಿಯಿತು. ಪಕ್ಕದ ಗಿಡ್ಡ ಕಂಬ ಒಡೆದದ್ದನ್ನು ನಾನು ನೋಡಲಿಲ್ಲ, ಸದ್ದು ಕೇಳಿದೆ. ಆಮೇಲೆ ಉದ್ದ ಕಂಬಗಳು ಉಳಿದವು. ಇಡೀ ಮನೆಯ ಓಲಾಟ ಅವುಗಳ ಪಾಲಿಗೆ ಬಂತು. ಅವು ಅವಸರ ಮಾಡಲಿಲ್ಲ. ಮನೆ ನಮ್ಮ ಕಡೆಗೆ, ನಿಧಾನವಾಗಿ, ದಣಿದವರು ಕೂರುವ ಹಾಗೆ ಬಾಗಿತು. ಮೇಲಂತಸ್ತಿನಲ್ಲಿ ಮೂಟೆಗಳು ಒಂದರ ಹಿಂದೆ ಒಂದು ಜಾರಿ ಗೋಡೆಗೆ ಗುದ್ದುವುದು ಕೇಳಿಸಿತು. ಗೋಡೆ ಹೋಯಿತು. ಮೂಟೆಗಳು ಕಣಕ್ಕೆ ಬಿದ್ದು ಒಡೆದು ಪಾರ್ಚ್‌ಮೆಂಟ್ ನಮ್ಮ ಕಾಲಿನ ಹತ್ತಿರದವರೆಗೂ ಹರಿದು ಬಂತು. ಸಿಲ್ವರ್ ಊರೆಗಳು ಎಲ್ಲಿ ಹೋದವು ಎಂದು ಕಾಣಲಿಲ್ಲ. ಧೂಳು ಇಳಿದ ಮೇಲೆ ನೋಡಿದರೆ, ಬೆಂಚು ಇದ್ದ ಜಾಗದಲ್ಲಿ ಒಂದು ಕೈ ತೂರಿಸುವಷ್ಟೂ ಸಂದಿರಲಿಲ್ಲ. ಜೀಪಿನ ಹಾರನ್ ಒತ್ತಿಕೊಂಡು ಬ್ಯಾಟರಿ ಮುಗಿಯುವವರೆಗೂ ಕೂಗುತ್ತಲೇ ಇತ್ತು.

ಆ ಹೆಂಗಸು ಅಕ್ಕನನ್ನು ತಬ್ಬಿಕೊಂಡು ನಿಂತಿದ್ದಳು. ಭಾವ ಅವಳ ಗಂಡನಿಗೆ ಕೈ ಮುಗಿದರು. ಅವನು ಹೆದರಿ, "ಬ್ಯಾಡ್ರೀ ಯಜಮಾನ್ರ," ಎಂದು ಅವರ ಕೈಗಳನ್ನು ಬಿಡಿಸಿದ.

ಮಗಳು ಮರುದಿನ ಬಂದಳು. ಮೊದಲು ಅಪ್ಪನನ್ನು ಬೈದಳು, ಆಮೇಲೆ ಅತ್ತಳು, ಆಮೇಲೆ ಒಡೆದ ಕಂಬದ ಹತ್ತಿರ ಕೂತಳು. ಸರಳುಗಳನ್ನು ಸುತ್ತಿ ಹಿಡಿಯುವ ತೆಳು ಕಬ್ಬಿಣಕ್ಕೆ ನಮ್ಮಲ್ಲಿ ರಿಂಗ್ ಎನ್ನುತ್ತಾರೆ. ರಿಂಗುಗಳು ದೂರ ದೂರ ಇದ್ದವು. ತುದಿಗಳನ್ನು ಬರೀ ಲಂಬಕೋನಕ್ಕೆ ಮಡಚಿ ಬಿಟ್ಟಿದ್ದರು, ಭಾರ ಬಂದಾಗ ಅವು ಬಿಚ್ಚಿಕೊಂಡಿದ್ದವು. "ತುದಿ ಒಳಗೆ, ಕಾಂಕ್ರೀಟಿನ ಹೊಟ್ಟೆಯೊಳಗೆ ಬಗ್ಗಬೇಕಿತ್ತು ಅಪ್ಪ. ಗಿಡ್ಡ ಕಂಬಕ್ಕೆ ಬುಡದಿಂದ ತುದಿವರೆಗೂ ರಿಂಗ್ ಒತ್ತೊತ್ತಾಗಿ ಬೇಕು," ಎಂದಳು. ನಮ್ಮ ಜಿಲ್ಲೆ ಅಪಾಯ ಕಡಿಮೆ ಇರುವ ಕಡೆ ಎನ್ನುವುದು ನಿಜವೇ ಎಂದು ನಾನು ಕೇಳಿದೆ. "ಕಡಿಮೆ ಅಂದ್ರೆ ಇಲ್ಲ ಅಂತ ಅಲ್ಲ ಮಾಮ," ಎಂದಳು.

ಹೊಸ ಮನೆಯ ನಕ್ಷೆಯನ್ನು ಅವಳೇ ಬರೆದುಕೊಟ್ಟಳು. ಗುಡ್ಡವನ್ನು ಮೆಟ್ಟಿಲು ಮಾಡಿ, ಕಂಬಗಳೆಲ್ಲ ಒಂದೇ ಎತ್ತರ ಬರುವ ಹಾಗೆ, ಒಂದೇ ಅಂತಸ್ತು. ಮೂಟೆಗಳಿಗೆ ನೆಲದಿಂದ ಮೊಣಕಾಲೆತ್ತರದ ಹಲಗೆ ಅಟ್ಟಣೆಯ ಬೇರೆ ಗೋದಾಮು. ರಸ್ತೆಯಿಂದ ಬಾಗಿಲಿಗೆ ಇಳಿದು ಹೋಗಬೇಕು. ಭಾವ ಅದಕ್ಕೆ ಒಪ್ಪಿದರು. ಕಬ್ಬಿಣ ಕಟ್ಟುವವನ ಪಕ್ಕದಲ್ಲಿ ಸ್ಟೂಲು ಹಾಕಿ ಕೂತು ಒಂದೊಂದು ರಿಂಗನ್ನೂ ಕೈಗೆ ತೆಗೆದುಕೊಂಡು ನೋಡುತ್ತಿದ್ದರು. "ಒಳಗೆ ಬಗ್ಗಿಸು ಮಾರಾಯ, ಮೇಷ್ಟ್ರು ಕಿವಿ ತಿರುಪಿದ ಹಾಗೆ ಬಗ್ಗಿಸು. ಹೊರಗೆ ಬಿಟ್ರೆ ನಿನ್ನ ಕಿವಿ ನಾನು ತಿರುಪ್ತೇನೆ," ಎಂದು ಗದರುವುದನ್ನು ನಾನೇ ಕೇಳಿದ್ದೇನೆ. ಗೃಹಪ್ರವೇಶವಾಯಿತು. ಮುಂದಿನ ಮಳೆಗಾಲದಲ್ಲಿ, ಎದೆನೋವು ಬಂದು ಕಳಸದ ಆಸ್ಪತ್ರೆಗೆ ಕರೆದುಕೊಂಡು ಹೋಗುವ ದಾರಿಯಲ್ಲಿ ಭಾವ ತೀರಿಕೊಂಡರು. ಗುಡುಗು ಬಂದಾಗಲೆಲ್ಲ ಅವರು ಎದ್ದು ಅಂಗಳಕ್ಕೆ ಹೋಗಿ ನೆನೆಯುತ್ತ ನಿಲ್ಲುತ್ತಿದ್ದರು ಎಂದು ಅಕ್ಕ ಆಮೇಲೆ ಹೇಳಿದಳು.

ಆ ದಿನ ನಡೆದದ್ದನ್ನು ಕಣ್ಣಾರೆ ಕಂಡು ಈಗ ಬದುಕಿರುವವರು ಇವರು. ನನ್ನ ಅಕ್ಕ, ಅದೇ ಊರಿನಲ್ಲಿ, ಹೊಸ ಮನೆಯಲ್ಲಿ. ವಿಜಯಪುರದ ಕಡೆಯ ಆ ಮನುಷ್ಯ, ಈ ಸಲವೂ ಕುಯ್ಲಿಗೆ ಬಂದಿದ್ದಾನೆ. ಅವನ ಹೆಂಡತಿ, ಅವಳು ಗೋದಾಮಿನ ಪಕ್ಕದಲ್ಲಿ ಅವರಿಗೆಂದೇ ಕಟ್ಟಿಸಿದ ಕೋಣೆಯಲ್ಲಿ ಮಲಗುವುದಿಲ್ಲ, ಕಣದಲ್ಲಿ ಮಲಗುತ್ತಾಳೆ, ಅಕ್ಕ ಬೇಡ ಎನ್ನುವುದಿಲ್ಲ. ಮತ್ತೆ ನಾನು.